ಅಪ್ಪಾಸಾಬನ ಸಾಸಿವೆ

ಗಲಗಲಿಯ ಅಪ್ಪಾಸಾಬನದು ಬೆಲ್ಲದಂಥ ಮಾತು. ಗೊಬ್ಬರಕ್ಕೆಂದು ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ತನ್ನ ಹೊಲದಲ್ಲಿ ನಮ್ಮ ಕುರಿ ಕೂಡಿಹಾಕಿಸಿ ತರುಬಿಸುತ್ತಿದ್ದ. ಆ ಸಲ ಸಾಸಿವೆ ಗಿಡ ಕಿತ್ತು ಬದುವಿನ ಮೇಲೆ ಒಟ್ಟಿದ್ದ. ಕುರಿಗಳು ಹೊಟ್ಟೆ ತುಂಬ ಮೇಯಲಿ ಎಂದು ತಾನಾಗಿಯೇ ಅವ್ವನಿಗೆ ಹೇಳಿದ. ಅವನಿಗೆ ಹಿಕ್ಕೆ, ನಮಗೆ ಮೇವು. ಕುರುಬರಿಗೆ ಇನ್ನೇನು ಬೇಕು? ನಂಬಿದೆವು.

ಕೆಲವೇ ವಾರಗಳಲ್ಲಿ ಕುರಿಗಳ ಉಣ್ಣೆ ಹಿಡಿಹಿಡಿಯಾಗಿ ಉದುರಿತು. ಗೊರಸು ಸೀಳಿದವು. ಎಷ್ಟೋ ಕುರಿಗಳು ಮೊಣಕಾಲೂರಿ ತೆವಳತೊಡಗಿದವು. ಉಸಿರು ಬೆಳ್ಳುಳ್ಳಿಯಂತೆ ನಾರುತ್ತಿತ್ತು. ಅವ್ವ ಸಿದ್ದಕ್ಕ ಬೀರೇಶ್ವರನಿಗೆ ಹರಕೆ ಹೊತ್ತಳು. ನಾನು ಬೀಳಗಿಗೆ ಹೋಗಿ ದನದ ಡಾಕ್ಟರನ್ನು ಕರೆತಂದೆ.

ಅವರು ಗೊರಸು ನೋಡಿದರು, ಬದುವಿನ ಮೇಲಿದ್ದ ಸಾಸಿವೆ ನೋಡಿ ತಲೆಗೆ ಕೈ ಹಚ್ಚಿದರು. ಕಾಲುವೆ ನೀರು ನಿಂತು ನಿಂತು ಉಪ್ಪೇರಿ ಸವುಳಾದ ಆ ಹೊಲದಲ್ಲಿ ಸೆಲೆನಿಯಂ ಎಂಬ ಖನಿಜ ಮಿತಿಮೀರಿ ವಿಷವಾಗಿತ್ತಂತೆ. ಅದನ್ನು ಮಣ್ಣಿನಿಂದ ಹೀರಿ ತೆಗೆಯಲೆಂದೇ ಮಣ್ಣು ಪರೀಕ್ಷೆಯವರು ಸಾಸಿವೆ ಹಾಕಿಸಿದ್ದರಂತೆ. ಕಿತ್ತ ಗಿಡವನ್ನು ದನಕರು ಮುಟ್ಟದಂತೆ ದೂರ ಸಾಗಿಸಬೇಕೆಂದು ಅಪ್ಪಾಸಾಬನಿಗೆ ಈ ಡಾಕ್ಟರ ಎದುರಿಗೇ ಬಿಡಿಸಿ ಹೇಳಿದ್ದರಂತೆ. ಸಾಗಿಸುವ ಗೋಜು ಯಾಕೆ, ಕುರುಬರ ಕುರಿಗಳ ಹೊಟ್ಟೆ ಇಲ್ಲವೇ? ಆ ವಿಷ ಹಿಕ್ಕೆಯಲ್ಲಿ ಮತ್ತೆ ಅವನ ಹೊಲಕ್ಕೇ ಬೀಳುತ್ತದೆ ಎಂಬಷ್ಟು ಬುದ್ಧಿಯೂ ಅವನಿಗಿರಲಿಲ್ಲ.

ಇವತ್ತಿನಿಂದಲೇ ಒಳ್ಳೆಯ ಮೇವು ಬಿದ್ದರೆ ಇನ್ನೂ ನಿಲ್ಲುವ ಕುರಿಗಳಾದರೂ ಬದುಕಬಹುದು ಎಂದು ಡಾಕ್ಟರು ಹೇಳಿ ಹೋದರು. ಕುಂಟುವ ಹಿಂಡನ್ನು ಎಲ್ಲಿಗೆ ಹೊಡೆಯುವುದು? ಅಪ್ಪಾಸಾಬನ ಅಂಗಳದಲ್ಲಿ ನಿಂತು ಜಗಳ ತೆಗೆದೆ. ಸಾಸಿವೆಯಲ್ಲಿ ವಿಷ ಇರುವುದು ತನಗೆ ಗೊತ್ತೇ ಇರಲಿಲ್ಲ ಎಂದು ಆಣೆ ಮಾಡಿದ. ಸಂಜೆಗೆ ಎತ್ತಿನ ಗಾಡಿ ತುಂಬ ಜೋಳದ ಕಣಿಕೆ ಹೇರಿಕೊಂಡು ತಾನೇ ಬಂದ.

"ಇದು ಯಾವ ಹೊಲದ್ದರಿ, ಧಣ್ಯಾರ?" ಅವ್ವ ಕೇಳಿದಳು.

"ಮಹಾಲಿಂಗಪುರದಿಂದ ತರಿಸೇನಿ, ಸಿದ್ದಕ್ಕಾ. ಛಲೋ ಮೇವ ಐತಿ."

ಅವ್ವ ಗಾಡಿಯಿಂದ ಒಂದು ಸೂಡು ಎಳೆದಳು. ಕುರಿಗಳ ಕಡೆಗೆ ಹೋಗಲಿಲ್ಲ, ಅವನ ಎತ್ತಿನ ಬಾಯಿಗೆ ಹಿಡಿದಳು. ಎತ್ತು ನಾಲಿಗೆ ಚಾಚಿದ್ದೇ ತಡ, ಅಪ್ಪಾಸಾಬ ಗಾಡಿಯಿಂದ ಜಿಗಿದು ಬಂದು ಹಗ್ಗ ಹಿಡಿದು ಅದರ ಮುಖ ಹಿಂದಕ್ಕೆ ಜಗ್ಗಿದ. ಅದೇ ಹೊಲದಲ್ಲಿ ಹಿಂದಿನ ವರ್ಷ ಬೆಳೆದ ಕಣಿಕೆ ಅದು.

ಅವ್ವ ಸೂಡನ್ನು ಅವನ ಕಾಲ ಬುಡಕ್ಕೆ ಎಸೆದಳು.

"ಎಲ್ಲಾ ಗೊತ್ತಿತ್ತು ನಿನಗ. ಹೋಗು, ನಿನ್ನ ಎತ್ತಿಗೆ ಹಾಕೂ ಮೇವ ತಗೊಂಡ ಬಾ."