ಬರೀ ನೀರಿನ ಸಾಲು

ನಮ್ಮ ಲ್ಯಾಬಿನ ಪ್ರೊಫೆಸರರಿಗೆ ಗಿಡವೆಂದರೆ ಪ್ರಾಣ. ಯಾವ ಗಿಡ ಎಂದು ಮಾತ್ರ ಕೇಳಬಾರದು. ಸಾಸಿವೆಗೂ ಮೆಂತ್ಯಕ್ಕೂ ವ್ಯತ್ಯಾಸ ಗೊತ್ತಿಲ್ಲ. ಬೀಜ ನೆನೆಸಿ, ಮೊಳಕೆ ಬರಿಸಿ ಬೆಳೆಸುವವಳು ನಾನು, ಇಲ್ಲಿ ಹದಿನಾರು ವರ್ಷದಿಂದ ಸಹಾಯಕಿ. ಸಾಸಿವೆ ಗಿಡಕ್ಕೆ ಚಿನ್ನದ ಉಪ್ಪು ಕರಗಿಸಿದ ನೀರು ಹಾಕಿದರೆ ಬೇರು ಅದನ್ನು ಹೀರುತ್ತದೆ. ಗಿಡ ತನ್ನ ಮೈಯೊಳಗೇ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣ ಮಾಡುತ್ತದೆ. ನ್ಯಾನೊ ಕಣ ಅನ್ನುತ್ತಾರೆ. ಕೆಲಸ ಗಿಡದ್ದು, ಹೆಸರು ಪ್ರೊಫೆಸರರದು.

ನನ್ನ ಅಕ್ಕನ ಮಗಳು ಅವರ ಕೈಕೆಳಗೆ ನಾಲ್ಕು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ಗಿಡಗಳಲ್ಲಿ ಒಂದು ಸಾಲಿಗೆ ಮಾತ್ರ ಬರೀ ನೀರು, ಹೋಲಿಸಿ ನೋಡಲು. ಆ ಸಾಲಿನಲ್ಲಿ ಚಿನ್ನ ಸಿಕ್ಕರೆ ಮಿಕ್ಕಿದ್ದನ್ನೂ ಯಾರೂ ನಂಬುವುದಿಲ್ಲ.

ಒಂದು ದಿನ ಪತ್ರಿಕೆಯವರು ಫೋಟೊ ತೆಗೆಯಲು ಬಂದರು. ಹುಡುಗಿ ಜ್ವರವೆಂದು ಮನೆಯಲ್ಲಿದ್ದಳು. ಪ್ರೊಫೆಸರು ತಲೆ ಬಾಚಿಕೊಂಡು, ಗರಿಗರಿ ಬಿಳಿ ಕೋಟು ತೊಟ್ಟು, ಚಿನ್ನದ ನೀರಿನ ಬಾಟಲಿ ಎತ್ತಿಕೊಂಡರು. ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿದೆಯೆಂದು ಅಲ್ಲಿದ್ದ ಸಾಲಿಗೆ ಸುರಿದರು. ಅದೇ ಬರೀ ನೀರಿನ ಸಾಲು! ಲೇಬಲ್ಲು ಅಂಗೈಯಗಲ ಇತ್ತು. ಹಲ್ಲು ಕಿರಿದು, ಇನ್ನೊಂದು ಫೋಟೊ ಇರಲೆಂದು ಇನ್ನಷ್ಟು ಸುರಿದರು.

ಕ್ಯಾಂಟೀನಿನಲ್ಲಿ ನಾನು ಲೋಟ ಹಿಡಿದು ಅವರಂತೆಯೇ ಸುರಿದು ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನ ಮಗಳಿಗೆ ಹೇಳಲಿಲ್ಲ. ಎಲೆಗಳ ಪರೀಕ್ಷೆಯ ವರದಿ ಬರಲಿ, ಈ ಮಹಾನುಭಾವನ ಮಾನ ನಾಲ್ಕು ಜನರ ಮುಂದೆ ಹರಾಜಾಗಲಿ ಎಂಬ ಆಸೆ ನನಗೆ.

ಆರು ವಾರಕ್ಕೆ ವರದಿ ಬಂತು. ಬರೀ ನೀರಿನ ಸಾಲಿನಲ್ಲೂ ಚಿನ್ನ! ಹರಾಜಾದದ್ದು ಹುಡುಗಿಯ ಮಾನ.

"ಎಲೆ ಅರೆಯೋ ಒರಳು ತೊಳೆಯೋಕೂ ಬರಲ್ವೇನಮ್ಮ ನಿಂಗೆ?" ಎಂದು ಪ್ರೊಫೆಸರು ಎಲ್ಲರೆದುರು ಗುಡುಗಿದರು. "ಒಂದು ವಾರದೊಳಗೆ ತಪ್ಪು ಎಲ್ಲಾಯ್ತು ಅಂತ ಹುಡುಕು. ಇಲ್ಲಾಂದ್ರೆ ಬೇರೆ ಗೈಡ್ ನೋಡ್ಕೋ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗಾದರೂ ತಾನು ತಿಂದದ್ದು ಗೊತ್ತಿತ್ತು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಇಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ನಾಚಿಕೆಯಾಯಿತು, ಸುಮ್ಮನಾದೆ.

ನಾಲ್ಕನೇ ದಿನ ಹುಡುಗಿ ಸಿಂಕಿನ ಮುಂದೆ ನಿಂತು ಆಸಿಡ್ ಹಾಕಿ ಒರಳು ಉಜ್ಜುತ್ತಿದ್ದಳು. ಬೆರಳ ತುದಿಯ ಚರ್ಮ ಸುಲಿದಿತ್ತು.

"ಹತ್ತು ಸಲ ತೊಳ್ದೆ ಚಿಕ್ಕಮ್ಮ. ತಪ್ಪೇ ಸಿಗ್ತಿಲ್ಲ. ನನ್ನ ಕೈಯೇ ಸರಿಯಿಲ್ಲ ಅನ್ಸುತ್ತೆ. ಬಿಟ್ಬಿಡ್ತೀನಿ."

ಅವಳ ಕೈ ಹಿಡಿದು ಪ್ರೊಫೆಸರರ ಕೋಣೆಗೆ ಎಳೆದುಕೊಂಡು ಹೋದೆ. ಪತ್ರಿಕೆಯ ಫೋಟೊಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರು.

"ಲೇಬಲ್ ಓದಿ ಸರ್. ಚಿನ್ನದ ನೀರು ಎಲ್ಲಿಗೆ ಹಾಕ್ತಿದ್ದೀರಿ ನೋಡಿ."

ಕನ್ನಡಕ ಹಾಕಿಕೊಂಡು ಓದಿದರು. ಮುಖ ಹುಳ್ಳಗಾಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಅಲ್ಲೇ ಇದ್ರಲ್ಲಮ್ಮ. ಅವತ್ತೇ ಯಾಕೆ ಹೇಳ್ಲಿಲ್ಲ?"

ಹದಿನಾರು ವರ್ಷದಲ್ಲಿ ಆ ಮನುಷ್ಯ ಕೇಳಿದ ಒಂದೇ ಸರಿಯಾದ ಪ್ರಶ್ನೆ. ಅಕ್ಕನ ಮಗಳೂ ನನ್ನನ್ನೇ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.