ತೊಳೆದವರ ಪಾಲು

ಬುರುಲ್ ನೀರು ಹೊಯ್ಯುತ್ತಿದ್ದಳು. ಮೂವರು ಹಿರಿಯ ಹೆಂಗಸರು ಜುಮಾಗುಲಳ ಮೈ ತೊಳೆಯುತ್ತಿದ್ದರು. ಕಂಬಳಿಯ ಡೇರೆಯೊಳಗೆ ಪರದೆ ಕಟ್ಟಿತ್ತು. ಪರದೆಯಾಚೆ ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದವರ ಕಿವಿಯೆಲ್ಲ ಈಚೆಗೇ ಇತ್ತು. ಶವ ತೊಳೆಯಲು ತಲೆ ನೆರೆತವರನ್ನು ಕರೆಯುವುದು ವಾಡಿಕೆ. ಇಪ್ಪತ್ತೇಳರ ಸೊಸೆಯೊಬ್ಬಳನ್ನು, ಅದೂ ಒಂದು ಹನಿ ರಕ್ತಸಂಬಂಧವಿಲ್ಲದವಳನ್ನು ಕರೆದವರಾರು? ಸತ್ತವಳೇ ಅಂತೆ. ಕೊನೆಯ ವಾರ ಆಸ್ಪತ್ರೆಯಲ್ಲಿ ತಂಗಿ ಸೋನುನ್‌ಳ ಕೈ ಹಿಡಿದು, ತೊಳೆಯೋಕೆ ಬುರುಲ್ ಇರಲಿ ಅಂದಿದ್ದಳಂತೆ.

ಬುರುಲಳ ಅತ್ತೆ ಕಾಲಿಚಾಗೆ ಈ ಮಾತು ಬೆಳಗಿನಿಂದ ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು. ಬಿಸಿನೀರಿನ ಬಿಂದಿಗೆ ಕೊಡುವ ನೆಪದಲ್ಲಿ ಪರದೆಯ ಸಂದಿಯಿಂದ ತಲೆ ತೂರಿಸಿದಳು.

“ನಿನಗೂ ಅವಳಿಗೂ ಅಂಥಾದ್ದೇನಿತ್ತೇ?”

“ಏನೂ ಇಲ್ಲ ಅತ್ತೆ.”

“ಬೆಂಕಿ ಇಲ್ದೆ ಹೊಗೆ ಆಡಲ್ಲ ಕಣೇ.”

ಬುರುಲ್ ಬಿಂದಿಗೆ ಇಸಿದುಕೊಂಡು ತಿರುಗಿದಳು. ಅವಳ ತಲೆಯಲ್ಲಿದ್ದದ್ದು ಒಂದೇ, ಜುಮಾಗುಲ್ ಬರೆದಿಟ್ಟ ಆ ನೀಲಿ ಪುಸ್ತಕ ಈಗ ಯಾರ ಕೈಯಲ್ಲಿದೆ?

ಜುಮಾಗುಲಳನ್ನು ಅನುಮಾನಿಸದವರು ನಾರಿನ್ ಎಂಬ ಈ ಬೆಟ್ಟದ ಸೀಮೆಯಲ್ಲಿ ಯಾರಿದ್ದರು ಹೇಳಿ. ಅವಳ ಸರ್ಕಾರಿ ಹುದ್ದೆಯ ಹೆಸರೇ ಒಂದು ಮಾರುದ್ದ. ಜನ ಬೀಳುವುದು, ಸುಟ್ಟುಕೊಳ್ಳುವುದು, ಮುಳುಗುವುದು ಕಡಿಮೆಯಾಗಬೇಕು. ಅದಕ್ಕೆ ಆಸ್ಪತ್ರೆ, ಶಾಲೆ, ಪೊಲೀಸು, ಅಗ್ನಿಶಾಮಕ, ಹಳ್ಳಿಯ ಆಡಳಿತ ಎಲ್ಲವನ್ನೂ ಸೇರಿಸಿ ಇಡೀ ಸೀಮೆಗೆ ಒಂದೇ ಯೋಜನೆ ಮಾಡಬೇಕು. ಒಂದು ಚಳಿಗಾಲದಲ್ಲಿ ಸುಟ್ಟುಕೊಂಡ ಮಕ್ಕಳು ಆಸ್ಪತ್ರೆಯ ಪ್ರಕಾರ ನಲವತ್ತೊಂದು, ಪೊಲೀಸರ ಪ್ರಕಾರ ಆರು, ಶಾಲೆಯವರ ಪ್ರಕಾರ ಒಂದೂ ಇಲ್ಲ. ಅವಳು ಇವರನ್ನೆಲ್ಲ ತಿಂಗಳಿಗೊಮ್ಮೆ ಒಂದೇ ಮೇಜಿಗೆ ಎಳೆದು ಕೂರಿಸುತ್ತಿದ್ದಳು. ತಮ್ಮ ಹುಳುಕು ಹುಡುಕುತ್ತಾಳೆ ಅಂತ ಪೊಲೀಸರು, ತಮ್ಮ ಕುರ್ಚಿಗೆ ಕಣ್ಣು ಹಾಕಿದ್ದಾಳೆ ಅಂತ ಡಾಕ್ಟರರು ಗೊಣಗಿದರು. ಇವತ್ತು ಇವಳು ಬಂದು ಹೇಗೆ ಬಿದ್ದೆ ಅಂತ ಕೇಳುತ್ತಾಳೆ, ನಾಳೆ ಕೋರ್ಟಿನವರು ಬರುತ್ತಾರೆ ಅಂದರು ಹಳ್ಳಿಯವರು. ಅವಳು ಮಾತ್ರ ಮನೆಮನೆಗೆ ಹೋಗಿ, ಕೇಳಿದ್ದನ್ನೆಲ್ಲ ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಎಲ್ಲರೂ ಹೆಗಲು ಮುಟ್ಟಿಕೊಳ್ಳುವ ಊರಿದು.

ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಪೊಲೀಸ್ ಕ್ಯಾಪ್ಟನ್ ಓರ್ಮೋನ್ ಕೂಡ, ಆ ಪುಸ್ತಕ ಸರ್ಕಾರದ ಸ್ವತ್ತು, ಕೊಡು ಅಂತ ಸೋನುನ್‌ಳನ್ನು ಎರಡು ಸಲ ಕೇಳಿಯಾಗಿತ್ತು. ಅವನ ಮನೆಗೂ ಜುಮಾಗುಲ್ ಒಮ್ಮೆ ಹೋಗಿದ್ದಳು.

*

ಮೂರು ಚಳಿಗಾಲದ ಹಿಂದಿನ ಮಾತು. ಬುರುಲಳ ಮಗಳು ಬೆಗಿಮ್ ಸುಟ್ಟುಕೊಂಡು ಹತ್ತು ದಿನವಾಗಿತ್ತು. ಜುಮಾಗುಲ್ ಬಂದವಳೇ ನೆಲಕ್ಕೆ ಕೂತು, ಅಳತೆಪಟ್ಟಿ ತೆಗೆದು ಊಟದ ಗಿಡ್ಡ ಮೇಜನ್ನು ಅಳೆದಳು. ಮೇಜುಬಟ್ಟೆ ಎಷ್ಟು ಇಳಿಬಿದ್ದಿದೆ ಅಂತ ಅದನ್ನೂ ಅಳೆದಳು. ಸರ್ಕಾರಕ್ಕೆ ಬೇರೆ ಕಸುಬಿಲ್ಲ, ನಮ್ಮನೆ ಬಟ್ಟೆ ಅಳೆಯೋಕೆ ಬಂದಿದೆ ಅಂತ ಕಾಲಿಚಾ ನಕ್ಕಳು. ತಾನು ಕಲ್ಲಿದ್ದಲು ತರಲು ಹೊರಗೆ ಹೋಗಿದ್ದೆ, ಅಷ್ಟರಲ್ಲಿ ಮಗು ಬಟ್ಟೆ ಎಳೆದು ಕುದಿಯುವ ಕೆಟಲ್ ಬೀಳಿಸಿಕೊಂಡಿತು ಅಂತ ಬುರುಲ್ ಎಲ್ಲರಿಗೂ ಹೇಳಿದ್ದನ್ನೇ ಹೇಳಿದಳು.

ಅತ್ತೆ ಹಾಲು ಕರೆಯಲು ಹೋದಾಗ ಬುರುಲಳ ದುಃಖದ ಕಟ್ಟೆಯೊಡೆಯಿತು. ಕಲ್ಲಿದ್ದಲು ಸುಳ್ಳು. ಅವಳು ಅದೇ ಕೋಣೆಯಲ್ಲಿದ್ದಳು, ಬೆನ್ನು ತಿರುಗಿಸಿಕೊಂಡು ಮಾಸ್ಕೋದಲ್ಲಿದ್ದ ತಂಗಿಯ ಜೊತೆ ಫೋನಿನಲ್ಲಿ ನಗುತ್ತಿದ್ದಳು. ಮಗು ತಟತಟ ನಡೆದು ಬಂದದ್ದು ಕೇಳಿಸಿತ್ತು. ತಿರುಗಲಿಲ್ಲ.

“ಇದನ್ನೂ ಬರೀತೀರಾ ಅಕ್ಕ?”

“ಬರೀತೀನಮ್ಮ. ಬರೀದಿದ್ರೆ ಇನ್ನೊಂದು ಮನೇಲೂ ಹೀಗೇ ಆಗತ್ತೆ.”

ಅಂದಿನಿಂದ ಬುರುಲ್‌ಗೆ ನಿದ್ದೆ ಅರ್ಧವಾಯಿತು. ಆ ಪುಸ್ತಕ ಗಂಡನ ಮನೆಯವರ ಕೈಗೆ ಸಿಕ್ಕರೆ ತನ್ನನ್ನು ತವರಿಗೆ ಅಟ್ಟುತ್ತಾರೆ, ಮಗಳನ್ನು ಇಲ್ಲೇ ಇಟ್ಟುಕೊಳ್ಳುತ್ತಾರೆ. ಇದು ಅವಳಿಗೆ ಹಗಲಿನಷ್ಟು ಸ್ಪಷ್ಟವಿತ್ತು.

*

ಅಂಗಳದಲ್ಲಿ ಗಂಡಸರು ಪ್ರಾರ್ಥನೆಗೆ ಸಾಲಾಗಿ ನಿಂತರು. ಇವಳು ಎಂಥವಳಾಗಿದ್ದಳು ಅಂತ ಇಮಾಮರು ಪದ್ಧತಿಯಂತೆ ಕೇಳಿದರು. ಒಳ್ಳೆಯವಳು ಅಂತ ಎಲ್ಲರೂ ಒಟ್ಟಿಗೆ ಹೇಳುವುದು ರೂಢಿ. ಅವತ್ತು ಒಂದು ಉಸಿರಿನಷ್ಟು ತಡವಾಯಿತು. ಆಮೇಲೆ ಹೇಳಿದರು.

ಹೆಣ ಎತ್ತಿಕೊಂಡು ಅವರು ಹೋದ ಮೇಲೆ ಸೋನುನ್ ತೊಳೆದವರಿಗೆ ಪಾಲು ಹಂಚಿದಳು. ಸತ್ತವರ ಬಟ್ಟೆ ತೊಳೆದವರಿಗೆ ಸೇರಬೇಕು; ಒಬ್ಬಳಿಗೆ ಶಾಲು, ಒಬ್ಬಳಿಗೆ ಅಂಗಿ, ಒಬ್ಬಳಿಗೆ ಬೂಟು. ಬುರುಲಳ ಕೈಗೆ ಕಂದು ಬಣ್ಣದ ಕೋಟು ಬಂತು. ಇದು ನಿನಗೇ ಅಂತ ಅಕ್ಕ ಹೇಳಿದ್ದಳು ಅಂದಳು ಸೋನುನ್. ಕೋಟಿನ ಒಳಜೇಬು ಭಾರವಾಗಿತ್ತು. ಮುಟ್ಟಿದ ಕೂಡಲೇ ರಟ್ಟಿನ ಅಂಚು ಬುರುಲ್‌ಗೆ ಗೊತ್ತಾಯಿತು. ತೊಳೆದವರ ಪಾಲಿಗೆ ಕೈಹಾಕಿದವನು ಈ ಸೀಮೆಯಲ್ಲೇ ಇಲ್ಲ. ಕ್ಯಾಪ್ಟನ್ ಇನ್ನು ಎಷ್ಟು ಕೇಳಿದರೂ ಅಷ್ಟೇ.

ಆದರೆ ಅತ್ತೆಗೆ ಯಾವ ಕಾನೂನು? ಕೋಟಿನ ಜೇಬು ಉಬ್ಬಿದ್ದನ್ನು ಕಂಡ ಕಾಲಿಚಾ ಅವಳನ್ನು ಕೊಟ್ಟಿಗೆಯ ಹಿಂದಕ್ಕೆ ಎಳೆದಳು. ಮುದುಕಿಯ ಮುಖ ಬಿಳಿಚಿಕೊಂಡಿತ್ತು.

“ನಮ್ಮನೆ ಹಾಳೆ ತೆಗಿ. ಓದು. ನಾನು ಕನ್ನಡಕ ತಂದಿಲ್ಲ.”

ಪುಟಗಳಲ್ಲಿ ಒಂದು ಹೆಸರೂ ಇರಲಿಲ್ಲ. ಊರು, ತಿಂಗಳು, ವಯಸ್ಸು, ಎಷ್ಟು ಎತ್ತರ, ಯಾವ ಹೊತ್ತು, ಮನೆಯವರು ಹೇಳಿದ್ದು, ಅಷ್ಟೇ. ತಮ್ಮದು ಸಿಕ್ಕಿತು. ಏನಾದರೊಂದು ಹೊಸೆದು ಓದಬಹುದಿತ್ತು, ಮುದುಕಿಗೆ ಕಾಣುತ್ತಿರಲಿಲ್ಲ. ಆದರೆ ಮೂರು ವರ್ಷ ಹೆದರಿ ಹೆದರಿ ಬುರುಲ್‌ಗೆ ಸಾಕಾಗಿ ಹೋಗಿತ್ತು.

“ಹೆಣ್ಣುಮಗು, ಎರಡು ವರ್ಷ. ಕೈ ಮತ್ತು ಎದೆ. ಮೇಜುಬಟ್ಟೆ ಒಂದು ಗೇಣು ಇಳಿಬಿದ್ದಿದೆ. ತಾಯಿ ಹೇಳಿದ್ದು: ನನ್ನ ತಪ್ಪು, ಅಲ್ಲೇ ಇದ್ದೆ, ಫೋನಿನಲ್ಲಿದ್ದೆ.”

ಮುಂದಿನದು ಓದು ಅಂದಳು ಕಾಲಿಚಾ. ಮುಂದಿನ ಸಾಲನ್ನು ಬುರುಲ್ ಮೊದಲು ಮನಸ್ಸಿನಲ್ಲೇ ಓದಿಕೊಂಡಳು, ಆಮೇಲೆ ಗಟ್ಟಿಯಾಗಿ ಓದಿದಳು.

“ಅಜ್ಜಿ ಹೇಳಿದ್ದು: ನನ್ನ ತಪ್ಪು, ಕೆಟಲನ್ನು ಅಂಚಿಗೆ ಇಟ್ಟವಳು ನಾನು. ಸೊಸೆಗೆ ಹೇಳಬೇಡ.”

“ಹೇಳಬೇಡ ಅಂದಿದ್ದೆ ಅವಳಿಗೆ,” ಅಂದಳು ಕಾಲಿಚಾ.

“ಹೇಳ್ಲಿಲ್ಲ ಅತ್ತೆ.”

ಕೆಳಗೆ ಇನ್ನೊಂದೇ ಸಾಲಿತ್ತು. ಕಾರಣ: ಇಳಿಬಿದ್ದ ಬಟ್ಟೆ.

ಮಣ್ಣು ಮಾಡಿದವರು ವಾಪಸಾಗುವ ಹೊತ್ತಾಗಿತ್ತು. ಅಂಗಳದಲ್ಲಿ ಗಿಡ್ಡ ಮೇಜುಗಳನ್ನು ಜೋಡಿಸಿ, ನೆಲ ಮುಟ್ಟುವ ಹಾಗೆ ಹೊಸ ಬಟ್ಟೆ ಹಾಸಿ, ಬ್ರೆಡ್ಡು ಇಟ್ಟಿದ್ದರು. ಇಬ್ಬರು ಹೆಂಗಸರು ಚಹಾದ ನೀರು ಕುದಿಯುವ ಸಮೋವರ್ ಹಂಡೆ ಹೊತ್ತು ತರುತ್ತಿದ್ದರು. ಯಾರದೋ ಕೂಸು ಬಟ್ಟೆಯಂಚು ಹಿಡಿದು ಎದ್ದು ನಿಲ್ಲಲು ನೋಡುತ್ತಿತ್ತು. ಕಾಲಿಚಾ ಹೋಗಿ ಮೊಣಕಾಲೂರಿ ಕೂತಳು. ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಟ್ಟೆಯನ್ನು ಒಳಕ್ಕೆ ಮಡಚಿ ಮೇಜಿನ ಕೆಳಗೆ ಸಿಕ್ಕಿಸತೊಡಗಿದಳು. ಹೀಗೂ ಹಾಸ್ತಾರಾ, ಸಾವಿನ ಮನೇಲಿ ಬಟ್ಟೆಗೂ ಜಿಪುಣತನವಾ ಅಂತ ಯಾರೋ ಅಂದರು. ಅವಳು ತಲೆಯೆತ್ತಲಿಲ್ಲ. ತನಗೆ ದೊಡ್ಡದಾದ ಕಂದು ಕೋಟನ್ನು ತೊಟ್ಟುಕೊಂಡು ಬುರುಲ್ ಎದುರಿನ ಅಂಚಿಗೆ ಕೂತಳು, ಆ ಕಡೆಯಿಂದ ಮಡಚುತ್ತ ಬಂದಳು.