ಆರ್ಡಿಸ್‌ಗೆ ಬೇಡವಾದ ಡಬ್ಬಿ

ಹಾರ್ಲನ್‌ಗೆ ಎರಡು ಕಿವಿಯೂ ಮಂದ. ಕಿವಿಯ ಯಂತ್ರಕ್ಕೆ ಹಾಕುವ ಬಿಲ್ಲೆ ಬ್ಯಾಟರಿ ವಾರಕ್ಕೊಮ್ಮೆ ಮುಗಿಯುತ್ತಿತ್ತು. ಮುಗಿದದ್ದನ್ನು ಊಟದ ಮೇಜಿನ ಮೇಲೆ ಇಟ್ಟು ಮರೆಯುವುದು ಅವನ ಅಭ್ಯಾಸ. ಅಮೆರಿಕದ ಮಿನೆಸೋಟದ ಆ ಪುಟ್ಟ ಊರಿನಲ್ಲಿ ವಯಸ್ಸಾದವರ ಮನೆಗಳೆಲ್ಲ ಹೀಗೆಯೇ.

ಅವು ಮಕ್ಕಳ ಬಾಯಿ ಸೇರದಂತೆ ಒಂದು ಉಪಾಯ ಕಂಡುಕೊಂಡವಳು ಪಕ್ಕದ ಮನೆಯ ಲವಾನ್. ಒಂದು ಖಾಲಿ ಮಾತ್ರೆ ಡಬ್ಬಿ, ಒತ್ತಿ ತಿರುಗಿಸದೆ ಅದರ ಮುಚ್ಚಳ ತೆರೆಯದು. ಡಬ್ಬಿಯ ಸುತ್ತ ಅಂಟುಪಟ್ಟಿಯ ಸುರುಳಿ ತೊಡಿಸಿದ್ದಳು. ಹಳೆಯ ಬಿಲ್ಲೆಗೆ ಎರಡೂ ಕಡೆ ಅಂಟುಪಟ್ಟಿ ಸುತ್ತಿ ಒಳಗೆ ಹಾಕಿ, ಡಬ್ಬಿಯನ್ನು ಎತ್ತರದಲ್ಲಿ ಇಟ್ಟರಾಯಿತು. ಊರ ಪತ್ರಿಕೆಯಲ್ಲಿ ಅವಳ ಫೋಟೋ ಬಂತು.

ಅದನ್ನು ನೋಡಿ ಹಾರ್ಲನ್‌ನ ಹೆಂಡತಿ ಆರ್ಡಿಸ್‌ಗೆ ಮೈಯೆಲ್ಲ ಉರಿಯಿತು. ಚರ್ಚಿನ ಕೌದಿ ಹೊಲಿಯುವ ಗುಂಪಿಗೆ ಮೂವತ್ತು ವರ್ಷದಿಂದ ಅವಳೇ ಮುಂದಾಳು. ಈಗ ಹೆಂಗಸರೆಲ್ಲ ಲವಾನಳ ಸುತ್ತ. ನೆಟ್ಟಗೆ ಒಂದು ಕಾಜಾ ಹೊಲಿಯಲು ಬಾರದವಳಿಗೆ ಇಷ್ಟೊಂದು ಮೆರವಣಿಗೆಯೇ?

ಗುರುವಾರ ಲವಾನ್ ಒಂದು ಡಬ್ಬಿ ಹಿಡಿದು ಬಂದಳು.

"ನಿಮ್ಮನೇಲಿ ಮೊಮ್ಮಗಳು ಓಡಾಡ್ತಾಳೆ, ಆರ್ಡಿಸ್. ಇಟ್ಕೋ ಇದನ್ನ."

"ಕಸಕ್ಕೆ ಹಾಕೋ ಡಬ್ಬಿಗೆ ಅಂಟು ಸುತ್ತಿದ್ರೆ ಅದೊಂದು ದೊಡ್ಡ ಸಂಶೋಧನೆನಾ? ಇದಿಲ್ದೆ ನಮ್ಮ ಮಕ್ಕಳು ಬೆಳೀಲಿಲ್ವಾ?"

"ಆಗ ಮನೇಲಿ ಇಷ್ಟು ಬಿಲ್ಲೆ ಎಲ್ಲಿದ್ವು ಹೇಳು? ಈಗ ರಿಮೋಟಲ್ಲಿ, ತೂಕದ ಯಂತ್ರದಲ್ಲಿ, ತೆರೆದ್ರೆ ಹಾಡೋ ಶುಭಾಶಯದ ಕಾರ್ಡಲ್ಲಿ, ಎಲ್ಲಾ ಕಡೆ ಇವೆ. ಗಂಟಲಲ್ಲಿ ಸಿಕ್ಕಿದ್ರೆ ಎರಡೇ ಗಂಟೇಲಿ ಒಳಗೆ ಸುಟ್ಟುಬಿಡುತ್ತೆ. ಮುಗಿದಿದ್ದೂ ಸುಡುತ್ತೆ ಕಣೆ."

"ಪತ್ರಿಕೇಲಿ ಬಂದಮೇಲೆ ಡಾಕ್ಟರೂ ಆಗಿಬಿಟ್ಯಾ?"

ಆರ್ಡಿಸ್ ಡಬ್ಬಿಯನ್ನು ವಾಪಸು ಕಳಿಸಿದಳು. ಗಂಡನಿಗೆ, "ಇನ್ಮೇಲೆ ನನ್ನ ಗುಂಡಿ ಡಬ್ಬೀಲಿ ಹಾಕಿ. ಅದಕ್ಕೂ ಮುಚ್ಚಳ ಇದೆ," ಎಂದಳು. ಅಂಗಿ ಗುಂಡಿಗಳನ್ನು ಕೂಡಿಟ್ಟಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ ಅದು. ಮನೆಗೆ ಬಂದ ಮಕ್ಕಳಿಗೆಲ್ಲ ಅದೇ ಆಟಿಕೆ ಎಂಬುದು ಆ ಉರಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಎರಡು ವಾರ ಕಳೆಯಿತು. ಎರಡು ವರ್ಷದ ಮೊಮ್ಮಗಳು ಸಿಗ್ನಿ ಗುಂಡಿಗಳನ್ನು ಹರಡಿಕೊಂಡು ಆಡುತ್ತಿದ್ದಳು. ಆರ್ಡಿಸ್ ಒಲೆಯಿಂದ ತಿರುಗಿ ನೋಡಿದರೆ ಮಗುವಿನ ಬಾಯಿ ಬಿಗಿದಿದೆ. ಬೆರಳು ಹಾಕಿದಳು. ಹೊಳೆಯುವ ಬಿಲ್ಲೆಯೊಂದು ಹೊರಬಂತು.

"ಎಷ್ಟು ಹಾಕಿದ್ರಿ ಇದರಲ್ಲಿ?"

"ಮೇಜಿನ ಮೇಲಿದ್ದ ಹಳೇವನ್ನೆಲ್ಲ ಸುರಿದುಬಿಟ್ಟೆ, ಲೆಕ್ಕ ಇಟ್ಟಿಲ್ವಲ್ಲೇ," ಎಂದ ಹಾರ್ಲನ್.

ಇನ್ನೊಂದು ಹೊಟ್ಟೆಗೆ ಹೋಗಿದ್ದರೆ? ಆರ್ಡಿಸ್ ಮಗುವನ್ನು ಎತ್ತಿಕೊಂಡು ಲವಾನಳ ಬಾಗಿಲಿಗೆ ಓಡಿದಳು. ವಿಷಯ ಕೇಳುತ್ತಲೇ ಲವಾನ್ ಕಾರು ತೆಗೆದಳು. "ವಾಂತಿ ಮಾಡಿಸ್ಬೇಡ. ನೇರ ಆಸ್ಪತ್ರೆಗೇ ಹೋಗೋಣ," ಎಂದಳು.

ಎಕ್ಸ್-ರೇ ತೆಗೆದರು. ಒಳಗೆ ಏನೂ ಇರಲಿಲ್ಲ. ಆರ್ಡಿಸ್ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮನಸಾರೆ ಅತ್ತಳು.

"ಇದು ನಿಂಗಿಂತ ಮುಂಚೆ ನಂಗೆ ಹೊಳೀಬೇಕಿತ್ತು ಅಂತ ಈಗ್ಲೂ ಹೊಟ್ಟೆ ಉರಿಯುತ್ತೆ, ಲವಾನ್. ಉರೀಲಿ ಬಿಡು. ಮಗು ಗಂಟಲು ತಣ್ಣಗಿದ್ರೆ ಸಾಕು. ನಂಗೊಂದು ಡಬ್ಬಿ ಕೊಡ್ತೀಯಾ?"

ಓದುತ್ತಿರುವವರೇ, ಈಗಲೇ ಎದ್ದು ನಿಮ್ಮ ಮೇಜಿನ ಖಾನೆ ತೆರೆದು ನೋಡಿ. ಹಳೆಯ ಬಿಲ್ಲೆಗಳಿಗೆ ಅಂಟುಪಟ್ಟಿ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಭದ್ರವಾಗಿ ಇಡಿ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಉಪಾಯ ಪಕ್ಕದ ಮನೆಯವಳದು ಎಂಬ ಕಾರಣಕ್ಕೆ ಮಾತ್ರ ಅದನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಬೇಡಿ.